ಒಂದೇ ಬಟ್ಟೆ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಬಕೆಟ್ಟಮ್ಮ ಎನ್ನುತ್ತಿದ್ದರು. ಅವಳಿಗೂ ಅದು ಒಗ್ಗಿಹೋಗಿತ್ತು. ಬೆಳಿಗ್ಗೆ ವಾರ್ಡಿನ ಬಾಗಿಲು ತೆರೆದರೆ ಮೊದಲು ಬಕೆಟ್ಟು ಬರುತ್ತಿತ್ತು, ಹಿಂದೆಯೇ ಅವಳು. ಸದಾ ನೀರಲ್ಲಿ ನೆಂದು ಬೆರಳ ಸಂದಿ ಬಿರಿದಿತ್ತು. ಕೈಗವಸು ಕೇಳಿದರೆ ಮೇಸ್ತ್ರಿ, ನೀನೇನು ಮದುವೆ ಹೆಣ್ಣಾ ಎಂದು ನಗುತ್ತಿದ್ದ.

ಅಲ್ಲಿಯ ಕೆಲಸದ ರೀತಿ ಇಷ್ಟೇ. ಒಂದು ಬಕೆಟ್ಟು, ಒಂದು ಬಟ್ಟೆ. ಮೊದಲು ಮೂಲೆಯ ಸಿಂಕು ಉಜ್ಜಬೇಕು. ಗಾಯ ತೊಳೆದ ನೀರು, ಕೀವು, ಉಳಿದ ಔಷಧಿ ಎಲ್ಲ ಬೀಳುವುದು ಅದಕ್ಕೇ. ಆಮೇಲೆ ಅದೇ ಬಟ್ಟೆ ಹಿಂಡಿ ಮಂಚದ ಕಂಬಿ, ಮೇಜು, ಬಾಗಿಲ ಹಿಡಿ. ಮಂಚಕ್ಕೊಂದು ಬಟ್ಟೆ ಬಳಸಿ ಎಂದು ಗೋಡೆಯ ಮೇಲೆ ಚಂದದ ಚಿತ್ರವೇನೋ ಇತ್ತು. ಬಟ್ಟೆಗಳು ಮಾತ್ರ ಗುತ್ತಿಗೆದಾರನ ಕೋಣೆಯಲ್ಲಿ ಬೀಗ ಹಾಕಿಸಿಕೊಂಡು ಕೂತಿದ್ದವು. ಕ್ರಿಮಿ ಕೊಲ್ಲುವ ಔಷಧಿಗೆ ಮೇಸ್ತ್ರಿ ಎಷ್ಟು ನೀರು ಬೆರೆಸುತ್ತಿದ್ದನೆಂದರೆ ಅದರಲ್ಲಿ ಬಣ್ಣವೂ ಉಳಿದಿರಲಿಲ್ಲ, ವಾಸನೆಯೂ ಉಳಿದಿರಲಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ.

ಅವಳ ಮಗಳು ಹೆತ್ತದ್ದು ಅದೇ ವಾರ್ಡಿನಲ್ಲಿ. ಹೊಟ್ಟೆ ಕೊಯ್ದು ಮಗು ತೆಗೆದರು. ಗಂಡು, ಗುಂಡುಕಲ್ಲಿನ ಹಾಗಿತ್ತು. ಬಕೆಟ್ಟಮ್ಮನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮಗಳಿಗೆ ಒಳ್ಳೆಯ ಊಟ ತರಲು ಅವಳಿಂದಾಗದು, ದೊಡ್ಡ ಡಾಕ್ಟರನ್ನು ಕರೆದು ಮಾತಾಡಿಸಲೂ ಆಗದು. ಒರೆಸಲು ಮಾತ್ರ ಬರುತ್ತಿತ್ತು. ಉಳಿದ ಮಂಚಗಳನ್ನು ಒಮ್ಮೆ ಒರೆಸಿದರೆ ಮಗಳ ಮಂಚವನ್ನು ಆ ಕಡೆ ಹೋದಾಗಲೆಲ್ಲ ಒರೆಸಿದಳು. ಸಿಂಕು ಉಜ್ಜಿದ ಕೂಡಲೇ, ಬಟ್ಟೆ ಒದ್ದೆ ಇರುವಾಗಲೇ, ಮೊದಲು ಅಲ್ಲಿಗೇ ಬರುತ್ತಿದ್ದಳು.

"ಸಾಕು ಬಿಡಮ್ಮ, ಮಂಚ ಸವೆದುಹೋಗುತ್ತೆ," ಎಂದು ಮಗಳು ನಕ್ಕಳು.

ಆಮೇಲೆ ಜ್ವರ ಬಂತು. ಹೊಲಿಗೆ ಬಿಚ್ಚಿಕೊಂಡಿತು. ಒಂದು ಔಷಧಿ ಹಾಕಿದರು, ಅದು ಕೇಳಲಿಲ್ಲವೆಂದು ಇನ್ನೊಂದು, ಅದೂ ಕೇಳಲಿಲ್ಲವೆಂದು ಮತ್ತೊಂದು. ಮಗುವನ್ನು ಬೀಗಿತ್ತಿ ಮನೆಗೆ ಕರೆದೊಯ್ದಳು. ಮಗಳನ್ನು ಓಣಿಯ ಕೊನೆಯ ಒಂಟಿ ಕೋಣೆಗೆ ಸಾಗಿಸಿದರು. ಹಿರಿ ಸಿಸ್ಟರ್ ಒಳ್ಳೆಯವಳು. ಬಕೆಟ್ಟಮ್ಮನನ್ನು ಪಕ್ಕಕ್ಕೆ ಕರೆದು ಬಿಡಿಸಿ ಹೇಳಿದಳು. ಇದು ಯಾವ ಔಷಧಿಗೂ ಬಗ್ಗದ ಕ್ರಿಮಿ. ಈಗ ಹಾಕಿರುವುದೇ ಕೊನೆಯದು. ಕ್ರಿಮಿ ಎಲ್ಲಿಂದ ಬಂತೆಂದು ಪರೀಕ್ಷೆ ಮಾಡಿಸಿದಾಗ ಸಿಂಕಿನ ತೂತಿನಲ್ಲಿ ಸಿಕ್ಕಿತು.

"ನೀವು ಒರೆಸೋ ಬಟ್ಟೇಲೂ ಸಿಕ್ತು, ಅಮ್ಮಾ."

ಬಕೆಟ್ಟಮ್ಮ ತನ್ನ ಕೈ ನೋಡಿಕೊಂಡಳು. ಅಳು ಬರಲಿಲ್ಲ. ಹೆತ್ತ ಮಗಳಿಗೆ ದಿನವಿಡೀ ರೋಗ ಹಚ್ಚಿದ್ದೆನಲ್ಲ, ಅದೂ ಪ್ರೀತಿಯಿಂದ.

ಅಷ್ಟರಲ್ಲಿ ಮೇಸ್ತ್ರಿ ಕೂಗಿದ. ಮಗಳು ಮಲಗಿದ್ದ ಮಂಚ ಖಾಲಿಯಾಗಿದೆ, ಬೇಗ ಒರೆಸು. ಬಾಗಿಲಲ್ಲಿ ತಳ್ಳುಗಾಡಿಯ ಮೇಲೆ ಇನ್ನೊಬ್ಬ ಬಾಣಂತಿ ಮಲಗಿದ್ದಳು, ಪಕ್ಕದಲ್ಲಿ ಅವಳ ತಾಯಿ. ಬಕೆಟ್ಟಮ್ಮ ಹೊಸ ಬಟ್ಟೆ ಕೇಳಿದಳು. ತಪಾಸಣೆಯವರು ಬರುವ ದಿನ ಕೊಡುತ್ತೇನೆ ಎಂದ. ಆಮೇಲೆ ಹತ್ತಿರ ಬಂದು ಮೆಲ್ಲಗೆ ಹೇಳಿದ.

"ಬಾಯಿ ಮುಚ್ಕೊಂಡು ಒರೆಸು. ನಿನ್ನ ಮಗಳು ಇನ್ನೂ ನಮ್ಮ ಆಸ್ಪತ್ರೆಯಲ್ಲೇ ಇದಾಳೆ, ಮರೀಬೇಡ."

ಅಭ್ಯಾಸಬಲದಿಂದ ಅವಳು ಬಟ್ಟೆ ಹಿಂಡಿದಳು. ಕೈ ಕಂಬಿಯವರೆಗೆ ಹೋಗಿ ನಿಂತಿತು. ಬಟ್ಟೆಯನ್ನು ಬಕೆಟ್ಟಿಗೆ ಹಾಕಿ ಮಂಚದ ಮೇಲೆ ಕೂತುಬಿಟ್ಟಳು.

"ಅಕ್ಕಾ, ಏಳಿ. ಮಗಳು ನೋವಲ್ಲಿದಾಳೆ," ಎಂದು ಆ ತಾಯಿ ಕೈ ಮುಗಿದಳು. "ನೀವೂ ಹೆತ್ತವರಲ್ವಾ?"

"ಹೆತ್ತಿದ್ದಕ್ಕೇ ಏಳಲ್ಲ," ಎಂದಳು ಬಕೆಟ್ಟಮ್ಮ. "ನನ್ನ ಮಗಳೂ ಇಲ್ಲೇ ಮಲಗಿದ್ದಳು. ಆ ಸಿಂಕಿನ ಹೊಲಸನ್ನ ಈ ಬಟ್ಟೇಲಿ ತಂದು ಅವಳಿಗೆ ಹಚ್ಚಿದೋಳು ನಾನೇ. ಎಲ್ಲಾ ಮಂಚಕ್ಕೂ ಇವರು ಕೊಟ್ಟಿದ್ದು ಇದೊಂದೇ ಬಟ್ಟೆ. ಈಗ ಅವಳಿಗೆ ಔಷಧಿನೇ ಇಲ್ವಂತೆ."

ವಾರ್ಡಿಗೆ ವಾರ್ಡೇ ಕೇಳಿಸಿಕೊಂಡಿತು. ಪಕ್ಕದ ಮಂಚದ ಮುದುಕಿ ಕಂಬಿಯಿಂದ ಕೈ ತೆಗೆದಳು. ನೆಲದ ಮೇಲೆ ಕೂತಿದ್ದ ರೋಗಿಗಳ ಮನೆಯವರು ಒಬ್ಬೊಬ್ಬರೇ ಎದ್ದರು. ಮೇಸ್ತ್ರಿ ಮ್ಯಾನೇಜರನ್ನು ಕರೆತರಲು ಓಡಿದ.

ಆಗ ಹಿರಿ ಸಿಸ್ಟರ್ ಬಂದು, ನಿಮ್ಮ ಮಗಳು ಕರೆಯುತ್ತಿದ್ದಾಳೆ, ಬೇಗ ಬನ್ನಿ ಎಂದಳು. ಅವಳ ದನಿ ನೆಟ್ಟಗಿರಲಿಲ್ಲ. ಬಕೆಟ್ಟಮ್ಮನ ಜೀವ ಅತ್ತ ಎಳೆಯಿತು. ಆದರೆ ಎದ್ದರೆ ಈ ಮಂಚದ ಮೇಲೆ ಇನ್ನೊಬ್ಬಳನ್ನು ಮಲಗಿಸಿಬಿಡುತ್ತಾರೆ. ಆ ತಾಯಿಗೆ ಅದು ಅರ್ಥವಾಯಿತು. ತಳ್ಳುಗಾಡಿಯನ್ನು ಹಿಂದಕ್ಕೆ ಸರಿಸಿದಳು.

"ಹೋಗಿ ಅಕ್ಕಾ. ಇಲ್ಲಿಗೆ ಯಾರೂ ಬರದ ಹಾಗೆ ನಾನು ನೋಡ್ಕೋತೀನಿ."

ಬಕೆಟ್ಟಮ್ಮ ಓಡಿದಳು. ಒಂಟಿ ಕೋಣೆಯ ಹೊಸ್ತಿಲಲ್ಲಿ ಗಕ್ಕನೆ ನಿಂತಳು. ಮಗಳ ಮುಖ ಇದ್ದಿಲಾಗಿತ್ತು, ತುಟಿ ಒಣಗಿತ್ತು.

"ಕೈ ಕೊಡಮ್ಮಾ," ಎಂದು ಕೈ ಚಾಚಿದಳು.

ಬಕೆಟ್ಟಮ್ಮ ಎರಡೂ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ತೊಳೆದು ಬರುತ್ತೇನೆ ಮಗಳೇ ಎಂದು ಬಾಗಿಲ ಪಕ್ಕದ ನಲ್ಲಿಗೆ ಹೋದಳು. ಗೋಡೆಯ ಸೋಪಿನ ಡಬ್ಬಿಯನ್ನು ಸಿಸ್ಟರ್ ಒತ್ತಿದಳು. ಬುಸ್ಸೆಂದು ಗಾಳಿ ಬಂತು. ಮತ್ತೆ ಒತ್ತಿದಳು, ಮತ್ತೆ ಗಾಳಿ.

ಓಣಿಯಲ್ಲಿ ಮ್ಯಾನೇಜರು ಬರುತ್ತಿದ್ದ, ಹಿಂದೆ ಮೇಸ್ತ್ರಿ. ತಲೆ ಎತ್ತಿ ಮಾತಾಡದ ಹೆಂಗಸು ಅವತ್ತು ಗಂಟಲು ಹರಿಯುವಂತೆ ಕೂಗಿದಳು.

"ಸೋಪು ತನ್ನಿ!"

ಅವರು ನಿಂತರು. ಅವರ ಬೆನ್ನ ಹಿಂದಿನ ವಾರ್ಡಿನಿಂದ ಆ ತಾಯಿಯ ದನಿ ಎದ್ದಿತು, ಮುದುಕಿಯದು ಎದ್ದಿತು, ಆಮೇಲೆ ಯಾರದು ಯಾರದೆಂದು ತಿಳಿಯದಷ್ಟು ದನಿಗಳು ಸೇರಿ ಅದೊಂದನ್ನೇ ಕೇಳತೊಡಗಿದವು. ಸೋಪು ತನ್ನಿ. ಒಳಗೆ ಮಗಳ ಕೈ ಚಾಚಿದಂತೆಯೇ ಇತ್ತು.