ಕೆಂಪು ಶಾಯಿಯ ರೈಟು

"ತಪ್ಪು," ಎಂದು ಕೋದಂಡಪ್ಪ ಮೇಷ್ಟ್ರು ಕೆಂಪು ಶಾಯಿಯ ಪೆನ್ನಿನಿಂದ ಲೆಕ್ಕದ ಮೇಲೆ ಅಡ್ಡಗೆರೆ ಎಳೆದರು. "ಮೂರು ಕೆಜಿ ರವೆಯನ್ನ ಕಾಲು ಕೆಜಿ ಪೊಟ್ಟಣ ಕಟ್ಟಿದ್ರೆ ಬರೋದು ಮುಕ್ಕಾಲು ಪೊಟ್ಟಣ. ಹನ್ನೆರಡು ಎಲ್ಲಿಂದ ತಂದೆ?"

ಮೇಷ್ಟ್ರು ತಮಾಷೆಗೆ ಹೇಳುತ್ತಿದ್ದಾರೆಂದು ಕದಿರಮ್ಮ ನಕ್ಕಳು. ಅವರು ನಗಲಿಲ್ಲ.

"ಅಲ್ಲ ಮೇಷ್ಟ್ರೇ, ಅಂಗನವಾಡೀಲಿ ದಿನಾ ನಾನೇ ಅಳೀತೀನಲ್ಲ. ಮೂರು ಕೆಜಿ ಅಂದ್ರೆ ಕಾಲು ಕೆಜಿ ಡಬ್ಬದಾಗೆ ಅನ್ನೆರಡು ಡಬ್ಬ ಬತ್ತದೆ."

"ಡಬ್ಬ ಬೇರೆ, ಗಣಿತ ಬೇರೆ ಕಣಮ್ಮ," ಎಂದು ಹೇಳಿ ಮೇಷ್ಟ್ರು ನೀರು ಕುಡಿಯಲು ಒಳಕ್ಕೆ ಎದ್ದು ಹೋದರು.

ಬೇತಮಂಗಲದ ಸುತ್ತಮುತ್ತ ಕೋದಂಡಪ್ಪ ಮೇಷ್ಟ್ರ ಕೈಯಲ್ಲಿ ಕಿವಿ ಹಿಂಡಿಸಿಕೊಳ್ಳದೆ ಭಿನ್ನರಾಶಿ ಕಲಿತವರು ಕಡಿಮೆ. ಅವರು ತಪ್ಪು ಎಂದರೆ ಮುಗಿಯಿತು, ಬ್ರಹ್ಮ ಬಂದರೂ ತಿದ್ದುವಂತಿಲ್ಲ. ನಾಳೆ ಬಂಗಾರಪೇಟೆಯಲ್ಲಿ ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಯ ಗಣಿತದ ಪತ್ರಿಕೆ. ಮೂವತ್ತಮೂರು ವರ್ಷದ ಕದಿರಮ್ಮ ಖಾಸಗಿಯಾಗಿ ಕಟ್ಟಿದ್ದಳು, ಇದು ಮೂರನೇ ಸಲ. ಮಿಕ್ಕೆಲ್ಲವೂ ಪಾಸು, ಗಣಿತದಲ್ಲಿ ಮೊದಲು ಇಪ್ಪತ್ತೆರಡು, ಆಮೇಲೆ ಇಪ್ಪತ್ತೇಳು. ಅದಕ್ಕೇ ಎರಡು ತಿಂಗಳಿಂದ ದಿನಾ ಸಂಜೆ, ರಿಟೈರಾಗಿ ಮನೆಯಲ್ಲಿದ್ದ ಮೇಷ್ಟ್ರ ಹತ್ತಿರ ಪಾಠಕ್ಕೆ ಬರುತ್ತಿದ್ದಳು. ಗಂಡ ಮಾರಿಕುಪ್ಪದಲ್ಲಿ ಇನ್ನೊಂದು ಸಂಸಾರ ಹೂಡಿಕೊಂಡ ಮೇಲೆ ಅವಳು ಅಂಗನವಾಡಿಯ ಆಯಾ ಆಗಿ ಗುಡಿಸಿ, ಬೇಯಿಸಿ, ಮಕ್ಕಳ ಸಿಂಬಳ ಒರೆಸುತ್ತಿದ್ದಳು. ಬರುವ ಜೂನ್‌ಗೆ ಟೀಚರಮ್ಮ ಕೆಲಸ ಬಿಡುವವರಿದ್ದರು. "ಪಾಸಾಗಿ ಬಾ, ಆ ಕುರ್ಚಿ ನಿನ್ನದು. ಇಲ್ಲದಿದ್ದರೆ ರಾಬರ್ಟ್‌ಸನ್‌ಪೇಟೆಯ ಹುಡುಗಿಯೊಬ್ಬಳು ಕಾದಿದ್ದಾಳೆ," ಎಂದು ಮೇಲಿನವರು ಹೇಳಿಬಿಟ್ಟಿದ್ದರು.

ಕದಿರಮ್ಮ ನೋಟ್‌ಬುಕ್ ತಿರುವಿದಳು. ಸಂಕ್ರಾಂತಿಯ ವಾರದ ಪುಟದಲ್ಲಿ ಇಂಥದ್ದೇ ಲೆಕ್ಕ. ಭಿನ್ನರಾಶಿಯನ್ನು ತಲೆಕೆಳಗು ಮಾಡಿ ಗುಣಿಸಿದ್ದಳು. ಪಕ್ಕದಲ್ಲಿ ಕೆಂಪು ರೈಟು. ಶಿವರಾತ್ರಿಯ ಹೊತ್ತಿನ ಪುಟದಲ್ಲಿ ತಲೆಕೆಳಗು ಮಾಡದೆ ಗುಣಿಸಿದ್ದಳು. ಅಲ್ಲೂ ಕೆಂಪು ರೈಟು. ಎರಡನ್ನೂ ಹೇಳಿಕೊಟ್ಟವರು ಅವರೇ. ತನ್ನದೇ ಮಂದ ತಲೆ, ಇದರಲ್ಲೇನೋ ಒಳಮರ್ಮ ಇರಬೇಕು ಎಂದುಕೊಂಡು ಎರಡನ್ನೂ ಉರು ಹೊಡೆದಿದ್ದಳು. ಈಗ ಎರಡು ಪುಟಗಳನ್ನೂ ಅಕ್ಕಪಕ್ಕ ಹಿಡಿದು ನೋಡಿದಳು. ಮಂದವಾಗಿದ್ದು ತನ್ನ ತಲೆಯಲ್ಲ.

ಮೇಷ್ಟ್ರ ಹೆಂಡತಿ ಮುತ್ಯಾಲಮ್ಮ ಹೊಸ್ತಿಲ ಹತ್ತಿರ ರಾಗಿ ಕೇರುತ್ತಿದ್ದರು. ಕದಿರಮ್ಮ ನೋಟ್‌ಬುಕ್ ಹಿಡಿದುಕೊಂಡೇ ಅವರ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಯಾವಾಗಿಂದ ಮೇಷ್ಟ್ರು ಇಂಗೆ ದೊಡ್ಡಮ್ಮಾ?"

ಮೊರ ನಿಂತಿತು. "ಯುಗಾದಿ ಬಂದ್ರೆ ಒಂದು ವರ್ಸ," ಎಂದರು ಮುತ್ಯಾಲಮ್ಮ, ತಲೆ ಎತ್ತದೆ. "ಓದ ತಿಂಗಳು ಕೆರೆ ಏರಿ ಮ್ಯಾಲೆ ಕೂತ್ಬಿಟ್ಟಿದ್ರು. ಮನೆ ದಾರಿ ಗೊತ್ತಾಗ್ಲಿಲ್ಲ."

"ನಂಗ್ಯಾಕೆ ಯೋಳ್ಲಿಲ್ಲ?"

"ನೀನು ಬರೋ ಒತ್ಗೆ ಗಡ್ಡ ಮಾಡ್ಕೊಂಡು, ಒಗ್ದಿರೋ ಅಂಗಿ ಆಕ್ಕೊಂಡು ಕೂತ್ಕೊಳ್ಳೋರು ಕಣಮ್ಮ. ಮಿಕ್ಕಿದ್ ಒತ್ತೆಲ್ಲಾ ಗೋಡೆ ನೋಡ್ಕೊಂಡಿರ್ತಾರೆ. ಯೋಳಿದ್ರೆ ನೀನು ಬತ್ತಿರ್ಲಿಲ್ಲ. ಬೈಯೋಂಗಿದ್ರೆ ಬೈದ್ಬಿಡು."

ಬೈಯಬೇಕೆಂದೇ ಇತ್ತು. ಎರಡು ತಿಂಗಳ ಸಂಜೆಗಳೂ ದಂಡ. ಇವಳ ಗಂಡನಿಗೆ ಹೊತ್ತು ಹೋಗಲೆಂದು ನನ್ನ ಬದುಕು ಹೋಯಿತಲ್ಲ! ಅಷ್ಟರಲ್ಲಿ ಮೇಷ್ಟ್ರು ಬಾಯಿ ಒರೆಸಿಕೊಳ್ಳುತ್ತ ಬಂದು ಚಾಪೆಯ ಮೇಲೆ ಕೂತರು. ಎಳೆಯ ಮಗುವಿನ ಮುಖ.

"ಎಲ್ಲಿಗೆ ನಿಲ್ಸಿದ್ವಿ?"

ಕದಿರಮ್ಮ ಹೋಗಿ ಎದುರಿಗೆ ಕೂತಳು. ಮತ್ತೆ ಅದೇ ಜಾತಿಯ ಲೆಕ್ಕ ಕೊಟ್ಟರು. ಅವರಿಗೆ ಬೇಕಾದ ಉತ್ತರವನ್ನೇ ಬರೆದಳು.

"ಹಾಂ, ಈಗ ಸರಿ," ಎಂದು ರೈಟು ಹಾಕಿದರು. "ನಾಳೆ ನೂರಕ್ಕೆ ಅರವತ್ತು ಗ್ಯಾರಂಟಿ."

ಮನೆಗೆ ಬರುವ ದಾರಿಯಲ್ಲಿ ಅಂಗನವಾಡಿಯ ಬೀಗ ತೆಗೆದು, ರವೆ ಚೀಲದ ಮುಂದೆ ಡಬ್ಬ ಹಿಡಿದು ಕೂತಳು. ಇನ್ನೂರಕ್ಕೂ ಹೆಚ್ಚು ಲೆಕ್ಕಗಳಲ್ಲಿ ಯಾವುದು ಸರಿ, ಯಾವುದು ಸುಳ್ಳು? ಡಬ್ಬದಲ್ಲಿ ಅಳೆದು ನೋಡಬಹುದಾದವು ಹನ್ನೊಂದು ಸಿಕ್ಕವು. ಅವುಗಳಲ್ಲಿ ನಾಲ್ಕು ತಪ್ಪು. ಆದರೆ ಬಡ್ಡಿ, ಲ.ಸಾ.ಅ., ವಿಸ್ತೀರ್ಣ? ಅವನ್ನು ಯಾವ ಡಬ್ಬದಲ್ಲಿ ಅಳೆಯುವುದು? ಶಾಲೆಯ ಮಕ್ಕಳನ್ನು ಕೇಳಿದರೆ ಒಂದು ಹೇಳಿಯಾರು, ಎರಡು ಹೇಳಿಯಾರು. ಚೆಲ್ಲಿದ ರವೆಯನ್ನು ಗೋರಿ ಚೀಲಕ್ಕೆ ಸುರಿದು ಬೀಗ ಹಾಕಿದಳು. ಟೀಚರಮ್ಮನ ಕುರ್ಚಿಯ ಕಡೆ ನೋಡಲಿಲ್ಲ.

ಬೆಳಿಗ್ಗೆ ಮೊದಲನೇ ಬಸ್ಸಿಗೆ ನಿಂತಿದ್ದಾಗ ಮೇಷ್ಟ್ರು ಬಂದರು. ಇಸ್ತ್ರಿ ಅಂಗಿ, ಜೇಬಲ್ಲಿ ಪೆನ್ನು. ನಾಲ್ಕು ಹೆಜ್ಜೆ ಹಿಂದೆ ಮುತ್ಯಾಲಮ್ಮ. ಕದಿರಮ್ಮ ಬಗ್ಗಿ ಮೇಷ್ಟ್ರ ಕಾಲು ಮುಟ್ಟಿದಳು.

"ಹದಿಮೂರೇಳ್ಲ?" ಎಂದರು ಅವರು. ಪರೀಕ್ಷೆಗೆ ಹೊರಟ ಮಕ್ಕಳನ್ನು ಹೀಗೊಂದು ಮಗ್ಗಿ ಕೇಳಿ ಕಳಿಸುವುದು ಅವರ ಹಳೆಯ ಪದ್ಧತಿ.

"ತೊಂಬತ್ತೊಂದು."

ಶಭಾಷ್ ಎನ್ನಬೇಕಾಗಿತ್ತು. ಆದರೆ ಅವರ ತುಟಿ ಅಲುಗಿತು, ಹೆಬ್ಬೆರಳು ಬೆರಳಿನ ಗೆಣ್ಣುಗಳ ಮೇಲೆ ಓಡಾಡಿ ನಡುವೆ ಎಲ್ಲೋ ನಿಂತಿತು. ಆಮೇಲೆ ಅವಳ ಮುಖ ನೋಡಿದರು.

"ಸರೀನೇನಮ್ಮಾ?"

"ಸರಿ ಮೇಷ್ಟ್ರೇ. ನೀವೇ ಯೋಳ್ಕೊಟ್ಟಿದ್ದು."

ಅವರ ಮುಖ ಅರಳಿತು. ನೋಟ್‌ಬುಕ್ ಇಸಕೊಂಡು, ಏನೂ ಬರೆಯದ ಕೊನೆಯ ಹಾಳೆ ತೆಗೆದು, ಅದರ ತುಂಬ ದೊಡ್ಡದೊಂದು ರೈಟು ಹಾಕಿ ಕೊಟ್ಟರು. ಬಸ್ಸು ಬಂತು. ಕದಿರಮ್ಮ ಕಿಟಕಿಯ ಪಕ್ಕ ಕೂತು, ಶಾಯಿ ಇನ್ನೂ ಹಸಿ ಇದ್ದುದರಿಂದ, ನೋಟ್‌ಬುಕ್ಕನ್ನು ಮಡಿಲಲ್ಲಿ ಹಾಗೆಯೇ ಬಿಚ್ಚಿಟ್ಟುಕೊಂಡಳು.