ಕತ್ತಿನ ಹಿಂದಿನ ನಾಮ

ಧ್ರುವಯಾನ ರಾಕೆಟ್ಟು ನಲವತ್ತೊಂದು ಸಲ ಹಾರಿತ್ತು, ಒಂದು ಸಲವೂ ಕೈಕೊಟ್ಟಿರಲಿಲ್ಲ. ಅದರ ಇಂಧನದ ವಾಲ್ವು ತಯಾರಾಗುತ್ತಿದ್ದದ್ದು ತಮಿಳು ಸೀಮೆಯ ಕ್ರೋಂಪೇಟೆಯ ಒಂದು ಸಣ್ಣ ಕಾರ್ಖಾನೆಯಲ್ಲಿ. ಅಲ್ಲಿಯವರಿಗೆ ಒಂದು ಥರದ ಸೊಕ್ಕೇ ಬಂದುಬಿಟ್ಟಿತ್ತು ಅನ್ನಿ. ಕ್ಯಾಂಟೀನಿನ ಟೀವಿಯಲ್ಲಿ ಹಾರಾಟ ತೋರಿಸುತ್ತಿದ್ದರೆ ಯಾರೂ ಇಡ್ಲಿ ಬಿಟ್ಟು ತಲೆ ಎತ್ತುತ್ತಿರಲಿಲ್ಲ. ನಲವತ್ತೆರಡನೆಯದು ಹಾರಿದ ಆರು ನಿಮಿಷಕ್ಕೆ ಎರಡನೇ ಹಂತದ ಎಂಜಿನ್ನು ಆರಿಹೋಗಿ, ಹೊತ್ತಿದ್ದ ಉಪಗ್ರಹದ ಸಮೇತ ಸಮುದ್ರಕ್ಕೆ ಬಿತ್ತು. ಆಗ ಎಲ್ಲರೂ ತಲೆ ಎತ್ತಿದರು. ಸಂಜೆಯೊಳಗೆ ನಿಯಂತ್ರಣ ಮಂಡಳಿಯ ಆದೇಶ ಬಂತು. ಕಾರಣ ತಿಳಿಯುವ ತನಕ ಧ್ರುವಯಾನ ನೆಲ ಬಿಟ್ಟು ಏಳಕೂಡದು.

ಗುರುಚರಣನಿಗೆ ಎದೆ ಧಸಕ್ಕೆಂದಿತು. ವಾಲ್ವುಗಳನ್ನು ಕೊನೆಯ ಸಲ ತೊಳೆದು, ಚೀಲಕ್ಕೆ ಹಾಕಿ ಮೊಹರು ಮಾಡುವ ಕೆಲಸ ಅವನದು. ಮೂವತ್ತು ವರ್ಷದ ಕೈ. ಒಂದು ಧೂಳಿನ ಕಣ ಒಳಗೆ ಉಳಿದರೂ ವಾಲ್ವು ಕಚ್ಚಿಕೊಳ್ಳುತ್ತದೆ ಎಂದು ಹೊಸಬರಿಗೆ ಪಾಠ ಹೇಳುತ್ತಿದ್ದವನೂ ಅವನೇ. ಆರಿಹೋದ ಎಂಜಿನ್ನಿನ ವಾಲ್ವಿನ ಚೀಟಿ ತೆಗೆದು ನೋಡಿದ. ತನ್ನದೇ ಸಹಿ, ಆಷಾಢದ ಪ್ರಥಮೇಕಾದಶಿಯ ತಾರೀಕು.

ಅವರ ಮನೆಯಲ್ಲಿ ಗಂಡಸರು ಸ್ನಾನವಾದ ಮೇಲೆ ಮೈಮೇಲೆ ಹನ್ನೆರಡು ಕಡೆ ಗೋಪೀಚಂದನದ ನಾಮ ಹಚ್ಚಿಕೊಳ್ಳುವುದು ಪದ್ಧತಿ. ಗೋಪೀಚಂದನ ಅಂದರೆ ಹಳದಿ ಮಣ್ಣು, ಒಣಗಿದರೆ ಉದುರುತ್ತದೆ. ಅದಕ್ಕೇ ಗುರುಚರಣ ಕೆಲಸದ ದಿನ ನಾಮ ಹಚ್ಚದೆ ಹೋಗಿ, ಸಂಜೆ ಮಾಂಬಲದ ಮನೆಗೆ ಬಂದು ಮತ್ತೆ ಮಿಂದು ಹಚ್ಚಿಕೊಳ್ಳುತ್ತಿದ್ದ. ಅವನ ಅಪ್ಪ ಸಾಯುವ ತನಕ ಇದಕ್ಕಾಗಿ ಬೈದರು, ಇವನು ಬೈಸಿಕೊಂಡ. ಆದರೆ ಪ್ರಥಮೇಕಾದಶಿಯ ದಿನ ಮಠದಲ್ಲಿ ಸ್ವಾಮಿಗಳು ಕಾಯಿಸಿದ ಶಂಖಚಕ್ರದ ಮುದ್ರೆಯನ್ನು ತೋಳಿಗೆ ಒತ್ತುತ್ತಾರೆ, ನಾಮವಿಲ್ಲದೆ ಆ ಸಾಲಿನಲ್ಲಿ ನಿಲ್ಲುವಂತಿಲ್ಲ. ಪ್ರತಿ ವರ್ಷ ಆವತ್ತು ರಜೆ ಹಾಕುತ್ತಿದ್ದ. ಈ ಸಲ ರಜೆ ಕೇಳಿದರೆ ಮೇಲ್ವಿಚಾರಕ ಉಪೇಂದ್ರ, ‘ಮುದ್ರೆ ಹಾಕಿಸ್ಕೊಂಡೇ ಬಾಪ್ಪಾ, ನಾಮ ಮಾತ್ರ ಒಳಗೆ ತರಬೇಡ’ ಎಂದು ನಕ್ಕಿದ್ದ. ಸಾಲು ಉದ್ದವಿತ್ತು, ಹೊತ್ತಾಯಿತು. ಮಠದ ನಲ್ಲಿಯ ಕೆಳಗೆ ಹಣೆ, ಎದೆ, ಹೊಟ್ಟೆ, ತೋಳು ಎಲ್ಲ ತಿಕ್ಕಿ ತೊಳೆದು ಓಡಿ ರೈಲು ಹಿಡಿದ. ಹನ್ನೆರಡನೆಯ ನಾಮ ಇರುವುದು ಕತ್ತಿನ ಹಿಂದೆ. ಅದು ಹಚ್ಚಿಕೊಂಡವನ ಕಣ್ಣಿಗೆ ಕಾಣುವುದಿಲ್ಲ, ಅವನು ಅದನ್ನು ಮರೆತ.

ಸಂಜೆ ಬಿಳಿಯ ಟೋಪಿ ಕಳಚಿದಾಗ ಅದರ ಹಿಂದಿನ ಅಂಚಿನಲ್ಲಿ ಹಳದಿ ಪುಡಿ ಇತ್ತು. ಆವತ್ತು ಎರಡು ವಾಲ್ವು ಮೊಹರು ಮಾಡಿದ್ದ. ಆಗಲೇ ಹೇಳಿದ್ದರೆ ಎರಡನ್ನೂ ಬಿಚ್ಚಿ ಮತ್ತೆ ತೊಳೆದು ಮುಗಿಯುತ್ತಿತ್ತು. ಉಪೇಂದ್ರ ನಗುತ್ತಾನೆ, ಬರುವ ವರ್ಷ ಮಠಕ್ಕೆ ಬಿಡುವುದಿಲ್ಲ ಎಂದುಕೊಂಡು ಟೋಪಿಯನ್ನು ಒಗೆಯುವ ಬುಟ್ಟಿಗೆ ಹಾಕಿ ಮನೆಗೆ ಬಂದ. ಟೋಪಿಯ ಒಳಗಿದ್ದದ್ದು ಹೊರಗೆ ಬಿದ್ದಿರಲಾರದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಈಗ ಆ ಸಮಾಧಾನ ಎಲ್ಲಿಂದ ಬರಬೇಕು? ಫೋನು ರಿಂಗಾದರೆ ಜೀವ ಬಾಯಿಗೆ ಬರುತ್ತಿತ್ತು. ಹೆಂಡತಿ ಜಯಲಕ್ಷ್ಮೀ, ‘ರಾಕೆಟ್ ಬಿದ್ರೆ ನಿಮಗ್ಯಾಕೆ ಜ್ವರ ಬರಬೇಕು? ನೀವೇನು ಓಡಿಸ್ತಿದ್ರಾ?’ ಎಂದು ರೇಗಿಸಿದಳು. ಮಗಳು ತೃಪ್ತಿ ತಮಿಳಿನಲ್ಲೇ, ‘ಅಪ್ಪಾ, ಟೆನ್ಷನ್ ಆಗಾದೀಂಗ’, ಗಾಬರಿಯಾಗಬೇಡಿ, ಎಂದಳು. ಅವನು ಸ್ನಾನದ ಮನೆಗೆ ಹೋಗಿ ಕತ್ತಿನ ಹಿಂಭಾಗವನ್ನು ಚರ್ಮ ಕೆಂಪಾಗುವ ತನಕ ತಿಕ್ಕಿದ. ಹಾಗೆ ತಿಕ್ಕಿ ಏನು ಪ್ರಯೋಜನ, ಹೇಳಿ.

ಮೂರನೇ ವಾರ ವಿಚಾರಣೆಗೆ ಕರೆ ಬಂತು. ಮಂಡಳಿಯಿಂದ ಬಂದ ತನಿಖಾಧಿಕಾರಿ ನಮಿತಾ ಎಂಬವಳು. ಅವಳ ಅಪ್ಪ ಉಡುಪಿ ಕಡೆಯಿಂದ ಬಂದು ಬೆಸೆಂಟ್ ನಗರದಲ್ಲಿ ಹೋಟೆಲು ಇಟ್ಟವರಂತೆ. ಇವನ ಹೆಸರು ನೋಡಿ ಕನ್ನಡದಲ್ಲೇ ಮಾತಾಡಿಸಿದಳು.

‘ಕೂತ್ಕೊಳ್ಳಿ. ಯಾಕೆ ನಿಂತೇ ಇದ್ದೀರಿ ಮಾರಾಯ್ರೆ? ನಾನೇನು ಪೊಲೀಸಾ?’ ಎಂದು ನೀರು ಮುಂದೆ ಇಟ್ಟಳು. ‘ಒಂದೇ ಪ್ರಶ್ನೆ. ಈ ವಾಲ್ವು ಮೊಹರು ಮಾಡಿದ ದಿನ ಎಂದಿನ ಹಾಗೆ ಅಲ್ಲದ್ದು ಏನಾದ್ರೂ ಆಯ್ತಾ?’

ಹೇಳಬೇಕೆಂದೇ ಬಂದಿದ್ದ. ರೈಲಿನಲ್ಲಿ ಮಾತು ಜೋಡಿಸಿಕೊಂಡಿದ್ದ. ಆದರೆ ಬಾಯಿಯಿಂದ ಬಂದದ್ದು, ‘ಇಲ್ಲ, ಮೇಡಂ.’

‘ಸರಿ. ನಿಮಗೊಂದು ಒಳ್ಳೇ ಸುದ್ದಿ. ನಿಮ್ಮ ವಾಲ್ವಿನ ಮೇಲೆ ಸಂಶಯ ಇಲ್ಲ. ಒಂದು ತಂತಿಯ ಜೋಡಣೆ ಸಡಿಲ ಇತ್ತು ಅಂತ ಕಾಣ್ತದೆ. ಸೋಮವಾರ ನಿಷೇಧ ತೆಗೀತೇವೆ.’

ಅವನು ಹೊರಗೆ ಬಂದ. ಅಂಗಳದಲ್ಲಿ ಉಪೇಂದ್ರ ಎಲ್ಲರಿಗೂ ಮೈಸೂರ್‌ಪಾಕ್ ಹಂಚುತ್ತಿದ್ದ. ಇವನ ಕೈಗೂ ಒಂದು ತುರುಕಿ, ‘ಬದುಕಿದೆವು ಗುರು’ ಎಂದ. ‘ಚಂಡಮಾರುತ ಮೊದಲೇ ಹೇಳೋ ಉಪಗ್ರಹ ಕಾಯ್ತಾ ಇದೆ, ನಲವತ್ಮೂರನೇದು ಬೇಗ ಏಳಬೇಕಂತೆ. ಹೊಸ ವಾಲ್ವಿಗೆ ಹೊತ್ತಿಲ್ಲ. ಉಗ್ರಾಣದಲ್ಲಿ ನೀನು ಮೊಹರು ಮಾಡಿದ್ದು ಒಂದಿದೆಯಲ್ಲ, ಬಿದ್ದದ್ದರ ಜೊತೆಯದು, ಅದನ್ನೇ ಕಳಿಸ್ತಿದೀವಿ.’

ಬಿದ್ದದ್ದರ ಜೊತೆಯದು ಅಂದರೆ ಏಕಾದಶಿಯದೇ. ಗುರುಚರಣ ಕೈಯಲ್ಲಿದ್ದ ಸಿಹಿಯನ್ನು ನೋಡುತ್ತ ನಿಂತ. ಸುಮ್ಮನಿದ್ದರೆ ಕೆಲಸ ಉಳಿಯುತ್ತದೆ, ಮಾನ ಉಳಿಯುತ್ತದೆ, ಯಾರೂ ಎಂದೂ ಕೇಳುವುದಿಲ್ಲ. ಇನ್ನೊಂದು ಬಿದ್ದರೂ ಕೇಳಲಾರರೇನೋ. ಆ ಯೋಚನೆಗೇ ಅವನಿಗೆ ಮೊದಲಿಗಿಂತ ಹೆಚ್ಚು ಭಯವಾಯಿತು. ಸಿಹಿಯನ್ನು ಉಪೇಂದ್ರನ ಡಬ್ಬಿಗೇ ವಾಪಸು ಇಟ್ಟು ಒಳಗೆ ನಡೆದ.

ನಮಿತಾ ಚೀಲ ಹೆಗಲಿಗೇರಿಸಿಕೊಳ್ಳುತ್ತಿದ್ದಳು. ಇವನು ಅವಳಿಗೆ ಬೆನ್ನು ತಿರುಗಿಸಿ, ಅಂಗಿಯ ಕಾಲರು ಕೆಳಗೆ ಎಳೆದು ಬೆರಳಿಟ್ಟು ತೋರಿಸಿದ. ‘ಇಲ್ಲಿ, ಮೇಡಂ. ಇಲ್ಲಿ ಹಚ್ಕೋತೀವಿ. ನಮ್ಮ ಕಣ್ಣಿಗೆ ಕಾಣೋಲ್ಲ.’ ಹಾಗೆ ಗೋಡೆ ನೋಡುತ್ತಲೇ ಎಲ್ಲ ಹೇಳಿದ. ಮಠ, ನಲ್ಲಿ, ಟೋಪಿ, ಬುಟ್ಟಿ.

ಅವಳು ಚೀಲವನ್ನು ಮತ್ತೆ ಮೇಜಿನ ಮೇಲಿಟ್ಟಳು. ‘ಈಗಷ್ಟೇ ಕೇಳಿದೆ ಅಲ್ವಾ ನಾನು?’

‘ಹೆದರಿಕೆ ಆಯ್ತು.’

‘ಈಗ ಹೆದರಿಕೆ ಇಲ್ವಾ?’

‘ಇದೆ’ ಎಂದ.

ಮಧ್ಯಾಹ್ನ ಆ ವಾಲ್ವಿನ ಚೀಲ ಕತ್ತರಿಸಿದರು. ಗುರುಚರಣನನ್ನು ಒಳಗೆ ಬಿಡಲಿಲ್ಲ, ಗಾಜಿನ ಈಚೆ ನಿಲ್ಲಿಸಿದರು. ಅವನೇ ಪಳಗಿಸಿದ ಹುಡುಗಿ ಅಶ್ವಿತಾ ವಾಲ್ವಿನೊಳಗೆ ದ್ರವ ಹಾಯಿಸಿ, ಅದನ್ನು ಬಿಳಿಯ ಸೋಸುಕಾಗದದ ಮೇಲೆ ಇಳಿಸಿದಳು. ಅವಸರ ಮಾಡಲಿಲ್ಲ, ಅವನು ಕಲಿಸಿದ ಹಾಗೆಯೇ ಮಾಡಿದಳು. ಇವನು ಈಚೆ ನಿಂತು ಏನೂ ಇರದಿರಲಿ ರಾಯರೇ ಎಂದು ಬೇಡಿದ. ಅಶ್ವಿತಾ ಭೂತಗನ್ನಡಿಗೆ ಕಣ್ಣಿಟ್ಟು ನೋಡಿದಳು, ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಆಮೇಲೆ ನಮಿತಾಳ ಕಡೆಗೆ ತಿರುಗಿ ಎರಡು ಬೆರಳು ಎತ್ತಿದಳು. ಎರಡು ಕಣ, ಹಳದಿ. ಗಾಜಿನ ಕಡೆ ಮಾತ್ರ ಅವಳು ನೋಡಲೇ ಇಲ್ಲ.

ಸೋಮವಾರ ನಿಷೇಧ ತೆಗೆಯಲಿಲ್ಲ. ಬಿದ್ದ ರಾಕೆಟ್ಟಿನ ವಾಲ್ವು ಸಮುದ್ರದ ತಳದಲ್ಲಿದೆ, ಅದರೊಳಗೆ ಏನಿತ್ತೋ ಹೇಳುವವರು ಯಾರು? ತನಿಖೆ ಮೊದಲಿನಿಂದ ಶುರುವಾಯಿತು. ಗುರುಚರಣನನ್ನು ಅದು ಮುಗಿಯುವ ತನಕ ಕೆಲಸಕ್ಕೆ ಬರಬೇಡ ಎಂದರು. ಉಪೇಂದ್ರ ಗೇಟಿನ ತನಕ ಬಂದು ತಿರುಗಿ ಹೋದ.

ಮಂಗಳವಾರ ಬೆಳಿಗ್ಗೆ ಗುರುಚರಣ ಸ್ನಾನ ಮಾಡಿ ದೇವರ ಮುಂದೆ ಕೂತು ಗೋಪೀಚಂದನ ತೇಯ್ದ. ಮೂವತ್ತು ವರ್ಷದಲ್ಲಿ ಕೆಲಸದ ದಿನ ಬೆಳಿಗ್ಗೆ ಹಚ್ಚಿಕೊಳ್ಳುತ್ತಿರುವುದು ಇದು ಎರಡನೆಯ ಸಲ. ಅಪ್ಪ ಇದ್ದಿದ್ದರೆ ಸಂತೋಷಪಡುತ್ತಿದ್ದರು. ಹಣೆ, ಹೊಟ್ಟೆ, ಎದೆ ಎಂದು ಹನ್ನೊಂದೂ ಆದವು. ಹನ್ನೆರಡನೆಯದಕ್ಕೆ ಕೈ ಹಿಂದೆ ಹೋಯಿತು, ಕತ್ತಿನ ಹತ್ತಿರ ನಿಂತುಬಿಟ್ಟಿತು. ಅಡಿಗೆಮನೆಯಿಂದ ಜಯಲಕ್ಷ್ಮೀ ಎರಡು ಸಲ ಕೂಗಿದಳು, ಅವನಿಗೆ ಕೇಳಿಸಲಿಲ್ಲ. ಬೆರಳ ತುದಿಯ ಗೋಪೀಚಂದನ ಅಲ್ಲೇ ಒಣಗಿ, ಬೆನ್ನ ಹಿಂದೆ ನೆಲಕ್ಕೆ ಉದುರಿತು.