ಬಾಯಿ ಕಟ್ಟಿದವಳು

ವ್ಯಾಯಾಮ ಶಿಕ್ಷಕಿ ತೆಳ್ಳಗಾದದ್ದನ್ನು ಕಂಡು ಅವಳ ಅಕ್ಕನೂ ರಾತ್ರಿಯೂಟ ಬಿಟ್ಟಿದ್ದಳು. "ಬಾಯಿ ಕಟ್ಟಿದ್ರೆ ಸಾಕು" ಎಂದು ತಂಗಿಯೇ ಹೇಳಿದ್ದಳು. ಈಗ ತಂಗಿಯ ಹಲ್ಲು ಜುಮ್ಮೆನ್ನತೊಡಗಿದಾಗ ಅಕ್ಕನೇ ಆಸ್ಪತ್ರೆಗೆ ಜೊತೆಯಾಗಿ ಬಂದಳು.

ದಂತವೈದ್ಯೆ ಬಾಯೊಳಗೆ ಬೆಳಕು ಬಿಟ್ಟು ನೋಡಿದರು. "ಹಲ್ಲಿನ ಮೇಲ್ಪದರ ಸವೆದಿದೆ. ಬಾಯಿ ಒಣಗುತ್ತಾ? ತೂಕ ಇಳಿಸೋ ಇಂಜೆಕ್ಷನ್ ಏನಾದ್ರೂ ತಗೋತಿದ್ದೀರಾ?"

ಅಕ್ಕ ನಕ್ಕಳು. "ಇವಳದ್ದೆಲ್ಲ ಬೆವರು ಸುರಿಸಿ ಇಳಿಸಿದ್ದು, ಡಾಕ್ಟ್ರೇ."

ಶಿಕ್ಷಕಿ ನಾಚಿಕೆಯಿಂದ ಹಿಡಿಯಷ್ಟಾದಳು. ಅಕ್ಕನತ್ತ ನೋಡದೆ, "ತಗೋತಿದ್ದೀನಿ. ಆಗಾಗ ವಾಂತಿನೂ ಆಗುತ್ತೆ" ಎಂದಳು.

ವಾಂತಿಯಾದ ಕೂಡಲೇ ಹಲ್ಲುಜ್ಜದೆ ನೀರಿನಿಂದ ಬಾಯಿ ಮುಕ್ಕಳಿಸಬೇಕೆಂದು ವೈದ್ಯೆ ತಿಳಿಸಿದರು. ತಂಗಿಗೆ ಅದು ಅರ್ಧ ಮಾತ್ರ ಕೇಳಿಸಿತು.

ಹೊರಗೆ ಬಂದ ಮೇಲೆ ಅಕ್ಕ ಮೆಲ್ಲಗೆ ಕೇಳಿದಳು: "ನಾನು ಊಟ ಬಿಟ್ಟು ತಲೆ ಸುತ್ತಿ ಬಿದ್ದ ದಿನವಾದ್ರೂ ಹೇಳಬಹುದಿತ್ತಲ್ಲೇ?"